ಗೌಡಶಾನಿಯನ್ನು ಬಲ್ಲವರು

ನಾನು ಏಳನೇ ಇಯತ್ತೆಗೇ ಶಾಲೆ ಬಿಟ್ಟವನು. ಆದರೆ ನಮ್ಮೂರ ಪುರಸಭೆಯಲ್ಲಿ ನಾನು ನೀರು ಬಿಡುವ ಓಣಿಗಳಿಂದ ಒಂದು ತಕರಾರು ಬಂದಿದ್ದರೆ ಯಾರಾದರೂ ತೋರಿಸಲಿ.

ಊರಿನ ದೊಡ್ಡ ಟ್ಯಾಂಕನ್ನು ತೊಳೆಯಬೇಕೆಂದರೆ ಬುಡದ ವಾಲ್ವು ಮುಚ್ಚಲೇಬೇಕು. ಅದನ್ನು ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿ ಇರುವುದು ನನ್ನ ಮನೆಯಲ್ಲಿ. ಇಬ್ಬರು ಜಗ್ಗದೆ ಆ ವಾಲ್ವು ಮಿಸುಕುವುದಿಲ್ಲ. ಅದಕ್ಕೇ ನೀರು ಬಿಡುವ ನಾವು ಮೂವರು, ಗೌಡರ ಹೆಂಡತಿಯ ಠೀವಿ ಇದಕ್ಕೆ ಎಂದು, ‘ಗೌಡಶಾನಿ’ ಎಂದು ಹೆಸರಿಟ್ಟಿದ್ದೆವು. ಆ ಹೆಸರು ನಮ್ಮ ಆಫೀಸಿನಾಚೆ ಯಾರಿಗೂ ಗೊತ್ತಿರಲಿಲ್ಲ.

ಒಂದು ಮುಂಜಾನೆ ನೋಡಿದರೆ, ಟ್ಯಾಂಕಿನ ಮೈಮೇಲೆ ‘ಸ್ವಚ್ಛಗೊಳಿಸಿದ ದಿನಾಂಕ’ ಹೊಸ ಬಣ್ಣದಲ್ಲಿ ಹೊಳೆಯುತ್ತಿದೆ! ಕೀಲಿ ಕೇಳಲು ಯಾರೂ ಬಂದಿರಲಿಲ್ಲ. ಏಣಿ ಹತ್ತಿ ಮುಚ್ಚಳ ತೆಗೆದೆ. ಪಾಚಿ, ಪಾರಿವಾಳದ ಪುಕ್ಕ. ನನ್ನ ಮಗಳು ಕುಡಿಯುವುದೂ ಅದೇ ನೀರು.

ಬಣ್ಣ ಹಚ್ಚಿಸಿದವರು ನಮ್ಮ ಸುಪರ್‌ವೈಸರ್. ಅವರ ಮುಂದೆ ಹೇಳಿ ಏನು ಬಂತು? ದೂರು ಕೊಟ್ಟವರ ಹೆಸರು ಗುಟ್ಟಾಗಿಡುತ್ತೇವೆ ಎನ್ನುವ ಜಿಲ್ಲಾ ಕಚೇರಿಯ ನಂಬರೊಂದಿತ್ತು. ಊರಲ್ಲಿ ಮಾತಾಡಲು ಧೈರ್ಯವಾಗದೆ ಯಲವಿಗಿ ಸ್ಟೇಷನ್ನಿಗೆ ಹೋಗಿ, ಗೂಡ್ಸ್ ಗಾಡಿ ದಾಟುವ ತನಕ ಕಾದು ಫೋನ್ ಮಾಡಿದೆ. ಹೆಸರು ಹೇಳಲಿಲ್ಲ, ನೌಕರಿಯನ್ನೂ ಹೇಳಲಿಲ್ಲ. ಊರವನೊಬ್ಬ ಎಂದೆ, ಅಷ್ಟೇ.

ಕೆಲ ದಿನಗಳಲ್ಲೇ ಸುಪರ್‌ವೈಸರ್ ಕರೆಸಿದರು.

“ಬರ್ರಿ ಸಾವ್ಕಾರ್ರ, ಕೂಡ್ರಿ. ಚಾ ಕುಡೀರಿ.”

ನನಗೆ ಎಂದೂ ಕುರ್ಚಿ ತೋರಿಸಿದವರಲ್ಲ ಅವರು. ಬಟ್ಟಲನ್ನು ಕೈಯಲ್ಲಿ ಹಿಡಿದೆ, ಕುಡಿಯಲಿಲ್ಲ.

“ಯಾರೋ ನಮ್ಮ ಮ್ಯಾಲ ಜಿಲ್ಲಾಕ್ಕ ಹೇಳ್ಯಾರ. ಗೌಡಶಾನಿನ್ನ ಮುಚ್ಚದಽ ಟ್ಯಾಂಕ್ ಹೆಂಗ ತೊಳದ್ರಿ ಅಂತ ಕೇಳ್ಯಾರ. ಊರ ಮಂದಿಗೆ ಈ ಗೌಡಶಾನಿ ಎಲ್ಲೆ ಭೆಟ್ಟಿ ಆದಳ್ರಿ?”

ಜಿಲ್ಲೆಯವರು ಹೆಸರನ್ನೇನೋ ಕಾಯ್ದಿದ್ದರು. ಕಾಯಲು ಹೆಸರೇ ಇರಲಿಲ್ಲವಲ್ಲ! ನನ್ನ ಬಾಯಿ ಮಾತ್ರ ಫೋನಿನಲ್ಲಿ ರೂಢಿಯಂತೆ ‘ಗೌಡಶಾನಿ’ ಎಂದುಬಿಟ್ಟಿತ್ತು, ಅವರು ಅದನ್ನು ಇದ್ದಂತೆಯೇ ಕಳಿಸಿದ್ದರು.

“ನಾ ಏನ್ ಬಲ್ಲೆರಿ,” ಎಂದೆ.

“ಇರ್ಲಿ. ನಾಳಿಂದ ನೀವು ಕಸದ ಗಾಡಿ ಮ್ಯಾಲ. ಕೀಲಿ ತಂದಿಡ್ರಿ.”

“ಬರದು ಕೊಡ್ರಿ. ಯಾಕ ಅನ್ನೂದನ್ನೂ ಬರೀರಿ.”

“ನಾಕ್ ಅಕ್ಷರ ಬರೂದಿಲ್ಲ, ಬರದು ಕೊಡ್ರಿ ಅಂತಾನ!”

“ಸರಕಾರಿ ಕಾಗದ ನನಗ ತಿಳಿಯೂದಿಲ್ಲ, ಖರೆ. ಬಲ್ಲವರ ಕಡೆ ಓದಿಸ್ತೇನಿ.”

ಪೆನ್ನಿನ ಟೊಪ್ಪಿಗೆ ತೆಗೆದರು, ಮತ್ತೆ ಹಾಕಿದರು. ಜಿಲ್ಲೆಯವರು ತಪಾಸಣೆಗೆ ಬರುವವರಿದ್ದರು. ಬರೆದರೆ ಸುಪರ್‌ವೈಸರೇ ಸಿಕ್ಕಿಬೀಳುತ್ತಿದ್ದರು. ಕಸದ ಗಾಡಿಯ ಮಾತು ಅಲ್ಲಿಗೇ ನಿಂತಿತು.

ಆದರೂ ಅಂದಿನಿಂದ ಊರೇ ನನಗೆ ಬೇರೆಯಾಯಿತು. ಬೆನ್ನ ಹಿಂದೆ ಬೈಕು ನಿಂತರೆ ತಿರುಗಿ ನೋಡುತ್ತಿದ್ದೆ. ನನ್ನೊಡನೆ ಕೀಲಿ ಜಗ್ಗುವ ಹುಲಗೂರಿನ ಗೆಳೆಯ ಮಾತು ಕಡಿಮೆ ಮಾಡಿದ. ಅವನು ಸುಪರ್‌ವೈಸರ್ ಮನೆಯಿಂದ ಹೊರಬರುವುದನ್ನು ಒಮ್ಮೆ ಕಂಡೆ. ಕೇಳಿದರೆ, “ನಳ ಸೋರಾಕತ್ತಿತ್ತು, ರಿಪೇರಿಗೆ ಹೋಗಿದ್ದೆ,” ಎಂದ. ಇದ್ದರೂ ಇರಬಹುದು.

ತಪಾಸಣೆಯವರು ಬಂದರು, ಟ್ಯಾಂಕು ಖಾಲಿ ಮಾಡಿಸಿದರು. ಕಪ್ಪು ರಾಡಿ ಹರಿಯಿತು. ತೊಳೆಯಲು ಏಣಿ ಹತ್ತಿ ಮುಚ್ಚಳದ ಬಳಿ ನಿಂತಾಗ ಗೆಳೆಯ ಕಿವಿಯ ಹತ್ತಿರ ಬಂದು, “ಈಗರ ಹೇಳಲೇ. ನೀನಽ ಹೌದಲ್ಲೊ? ಯಾರಿಗೂ ಹೇಳೂದಿಲ್ಲ,” ಎಂದ.

ಕೆಳಗೆ ಸುಪರ್‌ವೈಸರ್ ನಮ್ಮಿಬ್ಬರನ್ನೇ ನೋಡುತ್ತ ನಿಂತಿದ್ದರು. ಇವನು ತನಗಾಗಿ ಕೇಳಿದನೋ, ಅವರಿಗಾಗಿ ಕೇಳಿದನೋ ತಿಳಿಯಲಿಲ್ಲ.

“ಮದ್ಲ ಬುಟ್ಟಿ ಕೊಡು, ರಾಡಿ ಬಾಳ ಐತಿ,” ಎಂದು ಒಳಗೆ ಇಳಿದೆ.