ನೆಗೆಣ್ಣಿಯ ಸೋಯಾ ಸಾಸಿನ ತತ್ತಿ

ನಾನು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಹುಟ್ಟಿದ ಮಗಳು ಈಗ ಬೀದರಿನಲ್ಲಿ ಕಾಲೇಜಿಗೆ ಹೋಗುತ್ತಾಳೆ. ಅಷ್ಟೂ ವರ್ಷ ಅತ್ತೆ ನನ್ನ ಅಡುಗೆಗೆ ಒಮ್ಮೆಯೂ ‘ಛಲೋ ಆಗ್ಯಾದ’ ಅಂದವರಲ್ಲ. ತಟ್ಟೆ ಖಾಲಿಯಾದರೆ ಅದೇ ಹೊಗಳಿಕೆ ಎಂದುಕೊಂಡು ಸುಮ್ಮನಿದ್ದೆ. ಭಾಲ್ಕಿಯಿಂದ ಮೈದುನನ ಹೆಂಡತಿ ಬಂದಳು ನೋಡಿ, ನನ್ನ ನೆಮ್ಮದಿ ಕೆಟ್ಟಿತು.

ಅಂದು ಎಲ್ಲರೂ ಸಂತಪುರದ ಅತ್ತೆಯ ಮನೆಯಲ್ಲಿ ಸೇರಿದ್ದೆವು. ಈ ನೆಗೆಣ್ಣಿ ಮೊಬೈಲ್ ನೋಡುತ್ತ ತತ್ತಿ ಕುದಿಸಿದಳು, ನಡುವೆ ಸೀಳಿದಳು. ಒಳಗಿನ ಹಳದಿಗೆ ಮಯೋನೀಸ್, ಸೋಯಾ ಸಾಸ್, ಶುಂಠಿ, ಹಸಿಮೆಣಸಿನಕಾಯಿ ಹಾಕಿ ಕಲಸಿ ಮತ್ತೆ ಬಿಳಿಯೊಳಗೇ ತುಂಬಿದಳು. ಮೇಲೆ ಹುರಿದ ಎಳ್ಳು. ಜೋಳದ ರೊಟ್ಟಿ ತಿನ್ನುವ ಬಾಯಿಗೆ ಚೀನಾದ ಸಾಸಂತೆ! ನಾನು ಒಳಗೊಳಗೇ ನಕ್ಕೆ. ಅತ್ತೆ ಒಂದು ತಿಂದರು, ಇನ್ನೊಂದಕ್ಕೆ ಕೈ ಚಾಚಿದರು.

“ಭಾಳ ಛಲೋ ಆಗ್ಯಾವ ನೋಡವ್ವಾ.”

ಅಷ್ಟಕ್ಕೇ ಮುಗಿಯಲಿಲ್ಲ. ಔರಾದಿನಲ್ಲಿರುವ ತಮ್ಮನಿಗೆ ಅತ್ತೆ ಫೋನ್ ಮಾಡಿ ಸಣ್ಣ ಸೊಸೆಯ ಗುಣಗಾನ ಮಾಡಿದರು.

ಬೀದರಿನ ನಮ್ಮ ಮನೆಗೆ ವಾಪಸ್ ಬಂದವಳೇ ಸಾಸಿನ ಬಾಟಲಿ ತಂದೆ. ಮೊದಲ ಸಲ ಒಗ್ಗರಣೆ ಎಣ್ಣೆಯಂತೆ ಧಾರಾಳ ಸುರಿದುಬಿಟ್ಟೆ. “ಇದ್ಯಾಕ ಇಷ್ಟು ಕರ್ರಗ ಅದ?” ಎಂದು ಗಂಡ ತಟ್ಟೆ ಸರಿಸಿದರು. ಆಮೇಲೆ ಬುದ್ಧಿ ಬಂತು. ಮಯೋನೀಸ್ ಬಿಟ್ಟು ಗಟ್ಟಿ ಮೊಸರು ಹಾಕಿದೆ, ಸಾಸ್ ನಾಲ್ಕು ಹನಿ, ಜೊತೆಗೆ ಬೆಳ್ಳುಳ್ಳಿ ಹಾಕಿ ಕುಟ್ಟಿದ ಗುರೆಳ್ಳು ಹಿಂಡಿ, ಅದೇ ನಮ್ಮ ಚಟ್ನಿಪುಡಿ. ರುಚಿ ನೋಡಿದೆ. ಅವಳದ್ದಕ್ಕಿಂತ ಚೆನ್ನಾಗಿತ್ತು, ಇದರಲ್ಲಿ ಎರಡು ಮಾತಿಲ್ಲ.

ಮುಂದಿನ ಸಲ ಸಂತಪುರದಲ್ಲಿ ತತ್ತಿ ನಾನೇ ಮಾಡಿದೆ. ಆದರೆ ನಮ್ಮ ಮನೆಯಲ್ಲಿ ಹಿರಿಯ ಸೊಸೆ ಒಲೆ ಬಿಡುವಂತಿಲ್ಲ, ನೀಡುವವಳು ಕಿರಿಯಳು. ಅವಳು ತಟ್ಟೆ ಹಿಡಿದು ಪಡಸಾಲೆಗೆ ಹೋದಳು. ನಾನು ಅಡುಗೆಮನೆಯ ಬಾಗಿಲ ಹಿಂದೆ ಕಿವಿಯಾಗಿ ನಿಂತೆ.

“ಹ್ವಾದ ಸಲಕ್ಕಿಂತ ಈ ಸಲ ಇನ್ನಾ ಛಲೋ ಮಾಡೀದಿ ನೋಡು,” ಅತ್ತೆ ಅವಳಿಗೇ ಹೇಳುತ್ತಿದ್ದರು.

ಇಷ್ಟು ವರ್ಷ ಕಾದ ಮಾತು ಕೊನೆಗೂ ಬಂತು, ಬಂದು ಅವಳ ಮಡಿಲಿಗೆ ಬಿತ್ತು. ಅವಳು ಬಾಯಿ ಮುಚ್ಚಿಕೊಂಡಿರಲಿ ದೇವರೇ ಎಂದು ಬೇಡಿಕೊಂಡೆ. ಹಾಗಿದ್ದರೆ ಜೀವನಪೂರ್ತಿ ಅವಳನ್ನು ನಿಶ್ಚಿಂತೆಯಿಂದ ದ್ವೇಷಿಸಬಹುದಿತ್ತು.

“ಇವು ಅಕ್ಕ ಮಾಡ್ಯಾರ್ರಿ ಅತ್ತಿ. ನಾ ಬರೇ ನೀಡೀನ್ರಿ,” ಎಂದಳು.

ಅತ್ತೆ ಸ್ವಲ್ಪ ಹೊತ್ತು ಅಗಿದರು.

“ಹೌದೇನ? ಅದಕ್ಕಾ ಉಪ್ಪು ಜರಾ ಕಮ್ಮಿ ಅನಸ್ತದ.”

ನೆಗೆಣ್ಣಿ ಒಳಗೆ ಬಂದು, ಉಳಿದಿದ್ದ ಒಂದನ್ನು ಬಾಯಿಗೆ ಹಾಕಿಕೊಂಡಳು. “ಉಪ್ಪು ಬರೋಬ್ಬರಿ ಅದ ಅಕ್ಕಾ. ನಂಗೂ ಕಲಿಸ್ರಿ,” ಎಂದು ನಕ್ಕಳು.

ಕೈರುಚಿಯ ಹೆಸರು ಅವಳದು, ಅತ್ತೆಯ ಹೊಗಳಿಕೆಯೂ ಅವಳದು. ಸಾಲದ್ದಕ್ಕೆ ಒಳ್ಳೆಯ ಮನಸ್ಸು ಬೇರೆ. ಮೊದಲೆರಡನ್ನು ಹೇಗೋ ನುಂಗಿಕೊಂಡೆ, ಆ ಒಳ್ಳೆಯ ಮನಸ್ಸನ್ನು ಮಾತ್ರ ಇವತ್ತಿಗೂ ಕ್ಷಮಿಸಲಾಗಿಲ್ಲ.