ಇಪ್ಪತ್ತನಾಲ್ಕು ಸಮಪಾಲು

ವಿಬೊರಾ ಬಡಾವಣೆಯಲ್ಲಿ ಜೊರೈದಾ ಪೆದ್ರೊಸೊಳ ತಾರಸಿ ಗೊತ್ತಿಲ್ಲದವರಿರಲಿಲ್ಲ. ಮನೆ ನಂಬರು ಕೇಳಿದರೆ ಅಂಚೆಯವನೂ ತಲೆ ಕೆರೆದುಕೊಂಡಾನು. ತಾರಸಿ ಎಂದರೆ ಮೂರು ಬೀದಿ ಆಚೆಯವರೂ ಬೆರಳು ತೋರಿಸುತ್ತಿದ್ದರು. ಎರಡು ಆಂಟೆನಾ ಕಂಬ, ನೀರಿನ ಟ್ಯಾಂಕು, ಖಾಲಿ ಬಿದ್ದ ಪಾರಿವಾಳದ ಗೂಡು, ಗೂಡಿನೊಳಗೆ ಬೀಗ ಜಡಿದ ಕಬ್ಬಿಣದ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಇದ್ದದ್ದು ಸ್ವಿಚ್. ದೀಪ ಹಾಕಿ ಆರಿಸುವ ಸ್ವಿಚ್ ಅಲ್ಲ, ಇಪ್ಪತ್ತನಾಲ್ಕು ಕೇಬಲ್ಲುಗಳನ್ನು ಒಟ್ಟಿಗೆ ಕಚ್ಚಿಕೊಂಡು ಒಂದರಿಂದ ಬಂದದ್ದನ್ನು ಇನ್ನೊಂದಕ್ಕೆ ದಾಟಿಸುವ ಸ್ವಿಚ್.

ಹವಾನಾದಲ್ಲಿ ಇಂಟರ್ನೆಟ್ಟು ಇದ್ದೂ ಇಲ್ಲದಂತಿದ್ದ ಕಾಲ ಅದು. ಹಾಗೆಂದು ಕೈಕಟ್ಟಿ ಕೂರುವ ಜಾಯಮಾನ ನಮ್ಮದಲ್ಲ. ಮನೆಯಿಂದ ಮನೆಗೆ ಕೇಬಲ್ ಎಳೆದೆವು, ತಾರಸಿಯಿಂದ ತಾರಸಿಗೆ ಆಂಟೆನಾ ತಿರುಗಿಸಿದೆವು, ಊರಿಗೆ ಊರೇ ಸೇರುವ ಬೀದಿಜಾಲವೊಂದನ್ನು ನಾವೇ ಕಟ್ಟಿಕೊಂಡೆವು. ಆಟ, ಹರಟೆ, ಧಾರಾವಾಹಿ, ಪ್ರೇಮ, ಜಗಳ ಎಲ್ಲವೂ ಅದರಲ್ಲೇ. ಊರಿನ ದಕ್ಷಿಣ ಭಾಗದವರು ಉತ್ತರದವರೊಡನೆ ಆಡಬೇಕೆಂದರೆ ಜೊರೈದಾಳ ತಾರಸಿಯನ್ನು ದಾಟಿಯೇ ಹೋಗಬೇಕಿತ್ತು. ಒಂದು ಆಂಟೆನಾ ಉತ್ತರಕ್ಕೆ, ಇನ್ನೊಂದು ದಕ್ಷಿಣದ ಲಾಟನ್ ಬಡಾವಣೆಗೆ, ಉಳಿದ ಇಪ್ಪತ್ತೆರಡು ಕೇಬಲ್ಲು ಅಕ್ಕಪಕ್ಕದ ಮನೆಗಳಿಗೆ.

ಜೊರೈದಾಗೆ ಅರವತ್ತೊಂದು ವರ್ಷ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವಳು. ಅಲ್ಲಿ ಅವಳ ಹೆಸರು ಯಾರಿಗೂ ಬೇಕಿರಲಿಲ್ಲ, "ಹದಿನಾಲ್ಕನೇ ನಂಬರಿನವಳು" ಎಂದರೆ ಸಾಕಿತ್ತು. ನಿವೃತ್ತಿಯಾದ ಮೇಲೆ ಯಾರದೋ ಸೆಕೆಂಡ್ ಹ್ಯಾಂಡ್ ಸ್ವಿಚ್ ಕೈಗೆ ಬಂದಾಗ ಅದರ ಕೈಪಿಡಿ ಇಂಗ್ಲಿಷಿನಲ್ಲಿತ್ತು. ನಿಘಂಟು ಪಕ್ಕದಲ್ಲಿಟ್ಟುಕೊಂಡು ಆರು ತಿಂಗಳು ಓದಿದಳು. ಮುನ್ನೂರು ಪುಟದಲ್ಲಿ ಒಂದನ್ನೂ ಬಿಡಲಿಲ್ಲ. ಈ ಮಾತನ್ನು ಅವಳು ಕೇಳಿದವರಿಗೂ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು. ಹೇಳಲಿ ಬಿಡಿ, ಓದಿದ್ದು ಅವಳೇ ತಾನೇ.

ಗಲಾಟೆ ಶುರುವಾದದ್ದು ಧಾರಾವಾಹಿಯಿಂದ. ಎದುರು ಮನೆಯ ಮಿಗ್ದಾಲಿಯಾ ಸೋಮವಾರ ಬಂತೆಂದರೆ ವಾರದ ನೊವೆಲಾಗಳನ್ನೆಲ್ಲ, ಅಂದರೆ ಧಾರಾವಾಹಿಗಳನ್ನೆಲ್ಲ, ಒಂದೇ ಸಮ ಜಾಲದಿಂದ ತನ್ನ ಕಂಪ್ಯೂಟರಿಗೆ ಎಳೆದುಕೊಳ್ಳುತ್ತಿದ್ದಳು. ಆಗ ಆಟವಾಡುವವರ ಪರದೆ ಗಕ್ಕನೆ ನಿಲ್ಲುತ್ತಿತ್ತು. ತಾರಸಿಯ ಮೇಲೆ ನಲವತ್ತು ಜನರ ಸಭೆ ಸೇರಿತು. ಲಾಟನ್ ಕಡೆಯ ಆಂಟೆನಾ ನೋಡಿಕೊಳ್ಳುವ ಎವೆಲಿಯೊ ಕಾರ್ಬೊನೆಲ್ ಕೂಡ ಬಂದಿದ್ದ. ಫ್ರಿಜ್ ರಿಪೇರಿಯವನು, ಮೂವತ್ತೈದು ದಾಟಿರಲಿಲ್ಲ, ಬಾಯಿ ಮಾತ್ರ ಊರಗಲ.

"ಇವಳು ನೊವೆಲಾ ಎಳ್ಕೊಳ್ಳೋಕೆ ಕೂತ್ರೆ ಆಟದಲ್ಲಿ ನನ್ ಹೀರೋ ಕಂಬ ಆಗ್ಬಿಡ್ತಾನೆ!" ಎಂದು ಅವನು ಕೂಗಿದ.

"ನಿನ್ ಹೀರೋಗಿಂತ ನನ್ ನೊವೆಲಾ ವಾಸಿ ಕಣೋ," ಎಂದಳು ಮಿಗ್ದಾಲಿಯಾ. "ಅದ್ರಲ್ಲಾದ್ರೂ ಯಾರಾದ್ರೂ ಮದುವೆ ಆಗ್ತಾರೆ."

ನಗು ಅಡಗಿದ ಮೇಲೆ ಜೊರೈದಾ ಎದ್ದು ನಿಂತಳು. ಸ್ವಿಚ್ಚಿನೊಳಗೆ ಬಫರ್ ಎಂಬ ನೆನಪಿನ ಜಾಗವಿದೆ, ಕೇಬಲ್ಲು ಸಿಕ್ಕಿಸುವ ಪೋರ್ಟು ಎಂಬ ಒಂದೇ ಬಾಗಿಲಿಗೆ ಪ್ಯಾಕೆಟ್ಟುಗಳು, ಅಂದರೆ ಮಾಹಿತಿಯ ತುಣುಕುಗಳು, ಒಟ್ಟಿಗೆ ನುಗ್ಗಿದರೆ ಅವು ಕ್ಷಣಹೊತ್ತು ಕಾಯುವುದು ಅಲ್ಲಿಯೇ, ಜಾಗ ತುಂಬಿದರೆ ಆಮೇಲೆ ಬಂದದ್ದನ್ನು ಸ್ವಿಚ್ ಮುಲಾಜಿಲ್ಲದೆ ಎಸೆಯುತ್ತದೆ ಎಂದು ವಿವರಿಸಿದಳು. "ಮಿಗ್ದಾಲಿಯಾ ಆ ಜಾಗಾನೆಲ್ಲಾ ಒಬ್ಳೇ ನುಂಗ್ತಿದಾಳೆ. ರೇಷನ್ ಪುಸ್ತಕದ ಥರ ಮಾಡ್ಬಿಡೋಣ. ಇಪ್ಪತ್ತನಾಲ್ಕು ಪೋರ್ಟು, ಇಪ್ಪತ್ತನಾಲ್ಕು ಸಮಪಾಲು. ಒಬ್ರ ಪಾಲು ಇನ್ನೊಬ್ರು ಮುಟ್ಟೋ ಹಾಗಿಲ್ಲ."

ರೇಷನ್ ಪುಸ್ತಕ ಎಂದರೆ ನಮಗೆ ಬಿಡಿಸಿ ಹೇಳಬೇಕೆ? ತಲೆಗಿಷ್ಟು ಅಕ್ಕಿ, ತಲೆಗಿಷ್ಟು ಕಾಳು, ಸಕ್ಕರೆ ಕಾಯಿಲೆಯವನಿಗೂ ಅಷ್ಟೇ ಸಕ್ಕರೆ. ಹುಟ್ಟಿದಾಗಿನಿಂದ ಅದನ್ನೇ ಕಂಡವರು. ನಲವತ್ತು ಕೈಗಳೂ ಒಟ್ಟಿಗೆ ಮೇಲೆದ್ದವು, ಎವೆಲಿಯೊನ ಕೈ ಎಲ್ಲಕ್ಕಿಂತ ಮೊದಲು. ಜೊರೈದಾ ಅಲ್ಲೇ, ಅವರ ಕಣ್ಣೆದುರಿಗೇ, ಒಂದೊಂದು ಪೋರ್ಟಿಗೂ ಪಾಲು ಬರೆದು ಬೀಗ ಹಾಕಿದಳು. ಚಪ್ಪಾಳೆ ಬಿತ್ತು. ಅವಳು ಇಷ್ಟಗಲ ಮುಖ ಮಾಡಿಕೊಂಡು ಎಲ್ಲರಿಗೂ ಕಾಫಿ ಸೋಸಿ ಕೊಟ್ಟಳು.

ಆಮೇಲಿನ ಮೂರು ವಾರ ಯಾರಿಗೂ ಬೇಡ. ಮಿಗ್ದಾಲಿಯಾಳ ಧಾರಾವಾಹಿ ತೆವಳಿತು, ಅದು ನ್ಯಾಯವೇ. ಆದರೆ ಆಟವೂ ನೆಟ್ಟಗಾಗಲಿಲ್ಲ, ಇನ್ನೂ ಕೆಟ್ಟಿತು. ಬೀದಿಜಾಲದಲ್ಲೇ ನಡೆಯುತ್ತಿದ್ದ ಆಟದ ಪಂದ್ಯಾವಳಿಯ ಸೆಮಿಫೈನಲ್ಲಿನಲ್ಲಿ ದಕ್ಷಿಣದ ತಂಡ ಗೆಲ್ಲುವ ಹೊತ್ತಿಗೆ ಸರಿಯಾಗಿ ಐವರ ಪರದೆಯೂ ಕಲ್ಲಾಯಿತು. ಪಂದ್ಯ ಮತ್ತೆ ಆಡಿಸಿ ಹೇಗೋ ಗೆದ್ದರು ಅನ್ನಿ. ಎಲ್ಲರೂ ಬೈದದ್ದು ಎವೆಲಿಯೊನನ್ನು. ಅವನ ಆಂಟೆನಾ ತುಕ್ಕು ಹಿಡಿದಿದೆ, ಅವನು ಅದನ್ನು ಚರ್ಚಿನ ಗಂಟೆಯ ಕಡೆಗೆ ತಿರುಗಿಸಿದ್ದಾನೆ, ಅದಕ್ಕೆ ಫ್ರಿಜ್ಜಿನ ಸ್ಕ್ರೂ ಹಾಕಿದ್ದಾನೆ ಎಂದೆಲ್ಲ. ಪಾಪ, ಅವನು ಸುಡುಬಿಸಿಲಲ್ಲಿ ಮೂರು ಸಲ ಕಂಬ ಹತ್ತಿ ಇಳಿದ. ನಾಲ್ಕನೆಯ ಸಲ ಕಂಬ ಹತ್ತಲಿಲ್ಲ, ನೇರ ಜೊರೈದಾಳ ಬಾಗಿಲಿಗೆ ಬಂದ.

"ಅಜ್ಜಿ, ನನ್ ಆಂಟೆನಾದಲ್ಲಿ ಏನೂ ಇಲ್ಲ. ನಿಮ್ ಪೆಟ್ಟಿಗೆನೇ ಮುದಿಯಾಗಿದೆ. ಭಾನುವಾರ ಫೈನಲ್ಲು. ಅವತ್ತೂ ಹಿಂಗೇ ಆದ್ರೆ, ಮುಖ್ಯ ಕೇಂದ್ರ ನಮ್ ತಾರಸಿಗೆ ಬರ್ಲಿ ಅಂತ ಸಭೆಲಿ ಕೇಳ್ತೀನಿ."

"ಕೇಳಪ್ಪ. ಕೇಳೋಕೇನು."

"ಇನ್ನೊಂದು ಮಾತು. ಫೈನಲ್ ನಡೆಯೋ ಹೊತ್ತಲ್ಲಿ ಯಾರೂ ಏನೂ ಎಳ್ಕೋಬಾರ್ದು ಅಂತ ಬೀದಿಗೆಲ್ಲಾ ಹೇಳ್ಬಿಡಿ."

"ಹೇಳಲ್ಲ," ಎಂದಳು ಜೊರೈದಾ. "ಜನ ಬಾಯಿ ಮುಚ್ಕೊಂಡು ಕೂತಾಗ ಮಾತ್ರ ನಡೆಯೋದಾದ್ರೆ ಅದನ್ನ ಜಾಲ ಅಂತ ಯಾಕೆ ಕರೀಬೇಕು?"

ಬಾಗಿಲು ಹಾಕಿದ ಮೇಲೆ ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತಾರಸಿ ಹೋದರೆ ಏನು ಉಳಿಯಿತು? ಮಂಡಿನೋವು ಮತ್ತು ಕಿಟಕಿ. ಬೀದಿಯಲ್ಲಿ ಜನ ಹೆಸರು ಹಿಡಿದು ಕರೆಯುತ್ತಿದ್ದದ್ದು ಈ ನಾಲ್ಕು ವರ್ಷಗಳಲ್ಲಿ ಮಾತ್ರ. ಮತ್ತೆ ನಂಬರಾಗಲು ಅವಳಿಗೆ ಸುತರಾಂ ಮನಸ್ಸಿರಲಿಲ್ಲ.

ಶನಿವಾರ ಬೆಳಿಗ್ಗೆಯೇ ಪೆಟ್ಟಿಗೆಯ ಮುಂದೆ ಕೂತು ಸ್ವಿಚ್ಚಿನ ಲೆಕ್ಕ ತೆಗೆದಳು. ಇಪ್ಪತ್ತಮೂರನೇ ಪೋರ್ಟು, ಅಂದರೆ ಎವೆಲಿಯೊನ ಆಂಟೆನಾಕ್ಕೆ ಹೋಗುವ ಬಾಗಿಲು, ಒಂದು ಗಂಟೆಯಲ್ಲಿ ಒಂಬತ್ತು ಸಾವಿರ ಪ್ಯಾಕೆಟ್ಟುಗಳನ್ನು ಎಸೆದಿತ್ತು. ಗಾಳಿಯಲ್ಲಿ ಕಳೆದುಹೋದವಲ್ಲ ಅವು. ಆಂಟೆನಾ ಮುಟ್ಟುವ ಮೊದಲೇ, ಅವಳದೇ ಪೆಟ್ಟಿಗೆಯೊಳಗೆ ಜಾಗವಿಲ್ಲದೆ ಸತ್ತವು. ಎವೆಲಿಯೊ ಹೇಳಿದ್ದು ನಿಜ. ಆದರೆ ಯಾಕೆ? ಎಲ್ಲರಿಗೂ ಸಮನಾಗಿ ಹಂಚಿದ್ದಾಗಿದೆಯಲ್ಲ! ತಲೆ ಕೆಟ್ಟುಹೋಯಿತು.

ಅಷ್ಟರಲ್ಲಿ ಕೆಳಗಿನಿಂದ ಮಿಗ್ದಾಲಿಯಾ ಕೂಗಿದಳು: "ಜೊರೈದಾ! ಅಂಗಡಿಗೆ ಕೋಳಿ ಬಂದಿದೆಯಂತೆ, ಚೀಲ ತಗೊಂಡು ಬಾರೇ!"

ಕೋಳಿ ಬಂದಾಗ ಕೂತಿರುವ ಹೆಂಗಸು ಹವಾನಾದಲ್ಲಿಲ್ಲ. ಅಂಗಡಿಯ ಮುಂದೆ ಹೋಗಿ ಜೊರೈದಾ ರೂಢಿಯಂತೆ ಕೂಗಿದಳು, "ಕೊನೆಯವರ್‍ಯಾರು?" ಹಸಿರು ಛತ್ರಿಯ ಹೆಂಗಸೊಬ್ಬಳು ಕೈಯೆತ್ತಿದಳು. ಮುಗಿಯಿತು. ಛತ್ರಿಯವಳ ಹಿಂದೆ ತಾನು ಎಂದು ತಿಳಿದರೆ ಸಾಕು, ಆಮೇಲೆ ಎಲ್ಲಿ ಬೇಕಾದರೂ ಹೋಗಿ ಕೂರಬಹುದು. ಎಂಬತ್ತು ಜನ ಕಾಯುತ್ತಿದ್ದರೂ ಅಂಗಡಿಯ ಬಾಗಿಲಲ್ಲಿ ಸಾಲೇ ಇರಲಿಲ್ಲ. ಕೆಲವರು ಆಲದ ನೆರಳಲ್ಲಿ, ಕೆಲವರು ಉದ್ಯಾನದ ಬೆಂಚಿನಲ್ಲಿ, ಇಬ್ಬರು ಮೆಟ್ಟಿಲ ಮೇಲೆ ಡಾಮಿನೊ ಆಡುತ್ತ. ಬೆಂಚು ಖಾಲಿಯಾದರೆ ಯಾರು ಹತ್ತಿರವಿದ್ದರೋ ಅವರು ಕೂರುತ್ತಿದ್ದರು. ಇದು ನಿನ್ನ ಜಾಗ, ಇದು ನನ್ನ ಜಾಗ ಎಂದು ಯಾರೂ ಸುಣ್ಣದ ಗೆರೆ ಎಳೆದಿರಲಿಲ್ಲ.

ಜೊರೈದಾ ಕೂತಲ್ಲಿಂದ ಎದ್ದೇಬಿಟ್ಟಳು.

ಇಪ್ಪತ್ತನಾಲ್ಕು ಪಾಲು ಮಾಡಿದಳಲ್ಲ, ಒಂಬತ್ತನೇ ಪೋರ್ಟಿನ ಮನೆಯವರು ಮನೆ ಬಿಟ್ಟು ಆರು ತಿಂಗಳಾಗಿತ್ತು. ಹನ್ನೆರಡನೆಯವನು ರಾತ್ರಿ ಮಾತ್ರ ಆನ್ ಮಾಡುತ್ತಿದ್ದ. ಅವರ ಪಾಲಿನ ಜಾಗ ಬೀಗ ಹಾಕಿಕೊಂಡು ಖಾಲಿ ಬಿದ್ದಿತ್ತು, ಅರ್ಧ ಊರು ನುಗ್ಗುವ ಇಪ್ಪತ್ತಮೂರನೆಯ ಬಾಗಿಲಿಗೂ ಅಷ್ಟೇ ಅಂಗೈಯಗಲ. ಕಾಯಲು ಬಂದವರಿಗೆ ಸುಣ್ಣದ ಗೆರೆ ಎಳೆದುಕೊಟ್ಟದ್ದು ಅವಳೇ.

ಪಕ್ಕದಲ್ಲಿ ಜಗಳ ಹತ್ತಿತು. ಟೋಪಿಯವನೊಬ್ಬ ತನ್ನ ಹಿಂದೆ ಇನ್ನೂ ಹನ್ನೊಂದು ಜನ ಬರುತ್ತಾರೆ, ಅವರ ಪರವಾಗಿಯೂ ತಾನೇ ನಿಂತಿದ್ದೇನೆ ಎನ್ನುತ್ತಿದ್ದ.

"ಹನ್ನೊಂದಾ?" ಮಿಗ್ದಾಲಿಯಾ ಸೊಂಟಕ್ಕೆ ಕೈಯಿಟ್ಟಳು. "ನೀನೇನು ಪಟಾಲಂ ಸಾಕಿದೀಯೇನಯ್ಯ? ಒಬ್ರಿಗೋ ಇಬ್ರಿಗೋ ಆದ್ರೆ ಸರಿ. ಉಳಿದೋರು ಬಂದು ನಿಲ್ಲಲಿ!"

ಹೌದು, ಮಿತಿಯೂ ಬೇಕು. ಅದೊಂದಿಲ್ಲದಿದ್ದರೆ ಮತ್ತೆ ಮಿಗ್ದಾಲಿಯಾಳ ಸೋಮವಾರವೇ. ಜೊರೈದಾ ಚೀಲವನ್ನು ಗೆಳತಿಯ ಕೈಗೆ ತುರುಕಿ, "ನನ್ ಕೋಳಿನೂ ನೀನೇ ತಗೊಂಡ್ಬಾ," ಎಂದವಳೇ ಮನೆಯ ಕಡೆ ಹೊರಟಳು. ಮೆಟ್ಟಿಲು ಹತ್ತುವಾಗ ಮಂಡಿಯ ನೆನಪಾಗಲಿಲ್ಲ.

ಕೈಪಿಡಿಯ ಇನ್ನೂರ ಹದಿನೇಳನೇ ಪುಟ. ಬೀಗಗಳನ್ನೆಲ್ಲ ತೆಗೆದಳು. ಯಾರೂ ಬರಿಗೈಯಲ್ಲಿ ನಿಲ್ಲಬಾರದೆಂದು ಪ್ರತಿ ಪೋರ್ಟಿಗೂ ಒಂದು ಹಿಡಿಯಷ್ಟು ಜಾಗ ಕಾಯ್ದಿರಿಸಿದಳು. ಉಳಿದದ್ದೆಲ್ಲ ಎಲ್ಲರಿಗೂ ಸೇರಿದ ಬಯಲು. ಆದರೆ ಆ ಕ್ಷಣ ಎಷ್ಟು ಖಾಲಿ ಇದೆಯೋ ಅದಕ್ಕಿಂತ ಹೆಚ್ಚನ್ನು ಯಾವ ಪೋರ್ಟೂ ಹಿಡಿದು ಕೂರುವಂತಿಲ್ಲ. ಬಯಲು ತುಂಬುತ್ತ ಬಂದಂತೆ ಎಲ್ಲರ ಮಿತಿಯೂ ತಾನಾಗಿ ತಗ್ಗಬೇಕು. ಕರೆಂಟು ಹೋಗಿ ಬಂದರೂ ಉಳಿಯಲೆಂದು ಬರೆದದ್ದನ್ನು ಸೇವ್ ಮಾಡಿ, ಸರಿಯಾಗಿ ಉಳಿಯಿತೇ ಎಂದು ತಾನೇ ಪ್ಲಗ್ ಕಿತ್ತು, ಮತ್ತೆ ಹಾಕಿ ನೋಡಿದಳು. ಬೀದಿಯ ನಾಲ್ಕು ಕಿಟಕಿಗಳಿಂದ ಬೈಗುಳ ಬಂತು. ಕಿವಿಗೆ ಹಾಕಿಕೊಳ್ಳಲಿಲ್ಲ.

ಭಾನುವಾರ ರಾತ್ರಿ ಎಂಟಕ್ಕೆ ಫೈನಲ್. ಜೊರೈದಾಳ ತಾರಸಿಯಲ್ಲಿ ಬಿಳಿ ಚಾದರ ಕಟ್ಟಿ ಆಟವನ್ನು ಅದರ ಮೇಲೆ ಬಿಟ್ಟಿದ್ದರು. ಜೊರೈದಾ ಮಿಗ್ದಾಲಿಯಾಳ ಕಿವಿಯಲ್ಲಿ ಹೇಳಿದಳು, "ಸೋಮವಾರದ್ದೆಲ್ಲಾ ಈಗ್ಲೇ ಎಳ್ಕೋ."

"ಈಗ್ಲಾ? ನನ್ ಚರ್ಮ ಸುಲಿತಾರೆ ಕಣೇ!"

"ಎಳ್ಕೋ ಅಂದ್ನಲ್ಲ. ಎಷ್ಟಿದ್ಯೋ ಅಷ್ಟೂ."

ಜನರೆಲ್ಲ ಚಾದರದ ಮೇಲಿನ ಯುದ್ಧ ನೋಡಿದರು, ಜೊರೈದಾ ಪಾರಿವಾಳದ ಗೂಡಿನಲ್ಲಿ ಕೂತು ಅಂಕಿಗಳನ್ನು ನೋಡಿದಳು. ಐವತ್ತೆರಡು ನಿಮಿಷ. ಮಿಗ್ದಾಲಿಯಾಳ ಪೋರ್ಟಿನಲ್ಲಿ ಒಂದಷ್ಟು ಪ್ಯಾಕೆಟ್ಟು ಬಿದ್ದವು, ಬೀಳಲಿ, ಬಿದ್ದದ್ದನ್ನು ಅವಳ ಕಂಪ್ಯೂಟರು ಮತ್ತೆ ಕೇಳಿ ತರಿಸಿಕೊಳ್ಳುತ್ತದೆ. ಇಪ್ಪತ್ತಮೂರನೆಯದರಲ್ಲಿ ಸೊನ್ನೆ. ಅರ್ಧ ಗಂಟೆಯಾದಾಗಲೂ ಸೊನ್ನೆ. ಎದುರಾಳಿಯ ಕೊನೆಯ ಕೋಟೆ ಬಿದ್ದು ದಕ್ಷಿಣದವರು ಕುಣಿದಾಗಲೂ ಸೊನ್ನೆ. ಅವಳು ಆ ಸೊನ್ನೆಯ ಮುಂದೆ ಕೂತು ಕಣ್ಣೊರೆಸಿಕೊಂಡಳು. ಅಂಥ ಸೊನ್ನೆ ಸಂಪಾದಿಸುವುದು ಸುಲಭವಲ್ಲ.

ಸಭೆ ಸೇರಿತು. ಎವೆಲಿಯೊ ಮಾತಿಗೆ ಏಳಲೇ ಇಲ್ಲ, ಕೇಳಲು ಅವನಲ್ಲಿ ಏನೂ ಉಳಿದಿರಲಿಲ್ಲ. ಹಿಂದಿನಿಂದ ಯಾರೋ ಕೂಗಿದರು: "ಅಂತೂ ಇವನು ಆಂಟೆನಾ ನೆಟ್ಟಗೆ ಮಾಡಿದ ಕಣ್ರೋ!"

"ಮೂರು ವಾರ ನಮ್ಮನ್ನ ಸಾಯಿಸಿ!" ಎಂದಿತು ಇನ್ನೊಂದು ದನಿ. ಎಲ್ಲರೂ ನಕ್ಕರು. ಎವೆಲಿಯೊ ತಾನು ಆಂಟೆನಾದಲ್ಲಿ ಏನನ್ನೂ ಬದಲಿಸಿಲ್ಲ ಎನ್ನಲು ಬಾಯಿ ತೆರೆದ, ಯಾರೂ ನಂಬುವುದಿಲ್ಲವೆಂದು ಗೊತ್ತಾಗಿ ಮುಚ್ಚಿದ. ಕಂಬ ಹತ್ತಿದ ಬಿಸಿಲಿಗೆ ಸುಟ್ಟ ಅವನ ಕುತ್ತಿಗೆ ಇನ್ನೂ ಸುಲಿಯುತ್ತಿತ್ತು.

ತಾರಸಿ ಉಳಿದಿತ್ತು. ಜೊರೈದಾ ಸುಮ್ಮನಿದ್ದರೆ ಸಾಕಿತ್ತು. ಅವಳು ಎದ್ದು ನಿಂತಳು.

"ಆಂಟೆನಾ ಮೊದಲಿಂದ್ಲೂ ಸರಿಯಾಗೇ ಇತ್ತು. ತಪ್ಪು ನನ್ ಪೆಟ್ಟಿಗೆಲಿತ್ತು. ಬಫರ್ರನ್ನ ಇಪ್ಪತ್ತನಾಲ್ಕು ತುಂಡು ಮಾಡಿ ಬೀಗ ಹಾಕಿದ್ನಲ್ಲ, ಅದೇ ತಪ್ಪು. ಖಾಲಿ ಮನೆಗಳಿಗೂ ಪಾಲಿಟ್ಟೆ, ಎವೆಲಿಯೊನ ಬಾಗಿಲು ಕಟ್ಟಿಹೋಯ್ತು. ಮೂರು ವಾರ ನಂಗೆ ಬೀಳ್ಬೇಕಿದ್ದ ಬೈಗುಳ ಈ ಹುಡುಗ ತಿಂದಿದಾನೆ. ನಿನ್ನೆ ಸರಿ ಮಾಡಿದೀನಿ. ಮಿಗ್ದಾಲಿಯಾ ಆಟದ ಹೊತ್ತಲ್ಲೂ ನೊವೆಲಾ ಎಳ್ಕೊಳ್ತಾನೇ ಇದ್ಲು, ಯಾರಿಗಾದ್ರೂ ಗೊತ್ತಾಯ್ತಾ?"

ಮಿಗ್ದಾಲಿಯಾ ಟ್ಯಾಂಕಿನ ಹಿಂದೆ ಸರಿದಳು. ಎವೆಲಿಯೊ ನಿಧಾನವಾಗಿ ಎದ್ದ.

"ಅಜ್ಜಿ, ಅವತ್ತು ಸಮಪಾಲು ಅಂದಾಗ ಮೊದ್ಲು ಕೈ ಎತ್ತಿದ್ದು ನಾನು. ಇಲ್ಲಿರೋ ನಲವತ್ತು ಜನಾನೂ ಎತ್ತಿದ್ರು. ತಪ್ಪು ನಿಮ್ಮೊಬ್ರದ್ದೇ ಹೆಂಗಾಗತ್ತೆ? ಎಲ್ರದ್ದೂ ಅಂತ ಹೇಳಿ."

ಹೌದು ಹೌದು ಎಂಬ ಗುಜುಗುಜು ಎದ್ದಿತು. ಕೆಲವರು ಕೈಯನ್ನೂ ಎತ್ತಿದರು. ಜೊರೈದಾ ಎಕ್ಸ್‌ಚೇಂಜಿನ ಹುಡುಗಿಯಂತೆ ಬೆನ್ನು ನೆಟ್ಟಗೆ ಮಾಡಿದಳು.

"ಕೈ ಇಳಿಸ್ರೋ," ಎಂದಳು. "ನಿಮ್ಗೆ ಬಫರ್ ಅಂದ್ರೆ ಏನು ಅಂತ್ಲೇ ಗೊತ್ತಿರ್ಲಿಲ್ಲ. ಮುನ್ನೂರು ಪುಟ ಓದಿ ಆ ತಪ್ಪು ಮಾಡಿದ್ದು ನಾನು. ಅದ್ರಲ್ಲಿ ಯಾರಿಗೂ ಪಾಲು ಕೊಡಲ್ಲ."