ಎರಡು ಮನೆ ಕೆಳಗೆ

ಬಿಸಿ ಕಾಫಿಯ ಲೋಟವನ್ನು ಅಂಚು ಹಿಡಿದು ಎತ್ತುವವರನ್ನು ಕಂಡರೆ ಒಂದು ಕಾಲಕ್ಕೆ ನನಗೆ ನಗು ಬರುತ್ತಿತ್ತು. ನಾನು ಎಡಗೈಯ ಬೆರಳ ತುದಿಗಳಿಂದ ಲೋಟದ ನಡುವನ್ನೇ ಹಿಡಿದು, ಹಬೆಯಾಡುವ ಕಾಫಿಯನ್ನು ನಿರಾತಂಕವಾಗಿ ಹೀರುತ್ತಿದ್ದೆ. ಅದು ಶೌರ್ಯವಲ್ಲ, ಜಡ್ಡು. ಬೇಸ್ ಗಿಟಾರಿನ ತಂತಿಗಳು ಬಾವಿಹಗ್ಗದ ಬಳಗಕ್ಕೆ ಸೇರಿದವು. ಅವನ್ನು ವರ್ಷಗಟ್ಟಲೆ ಒತ್ತಿದ ಬೆರಳಿಗೆ ಬಿಸಿಯೆಂಬುದು ಬರಿಯ ಸುದ್ದಿ. ಆಮೇಲೆ ಗಿಟಾರು ಬೀರುವಿನ ಮೇಲೇರಿತು, ಜಡ್ಡು ಕರಗಿತು, ನಾನೂ ಎಲ್ಲರಂತೆ ಅಂಚು ಹಿಡಿಯುವುದನ್ನು ಕಲಿತೆ. ಹೀಗೆ ಹತ್ತು ವರ್ಷ ಕಳೆದ ಮೇಲೆ, ಎಂಬತ್ತರ ದಶಕದ ಒಂದು ಬೆಳಿಗ್ಗೆ, ಯಶವಂತಪುರದ ನಮ್ಮ ಬಾಡಿಗೆಮನೆಯ ಅಡುಗೆಮನೆಯಲ್ಲಿ ನಿಂತು ಏನೋ ಯೋಚಿಸುತ್ತ ಲೋಟವನ್ನು ನಡುವಿಗೇ ಹಿಡಿದೆತ್ತಿದೆ, ಸುಡಲಿಲ್ಲ. ನನ್ನ ಹೆಂಡತಿ ವಿಮಲಾ ಒಲೆಯ ಮುಂದಿನಿಂದ ತಿರುಗಿ ನನ್ನ ಕೈಯನ್ನೂ ಮುಖವನ್ನೂ ನೋಡಿ, "ಹಾಗಾದ್ರೆ ಮತ್ತೆ ಹೋಗ್ತೀರಾ ಅನ್ನಿ" ಎಂದಳು.

ನಮ್ಮ ಭಾಷೆ ಜಾಣೆ. ಬೆರಳಿನ ಗಟ್ಟಿತನವನ್ನೂ ಜಡ್ಡೆನ್ನುತ್ತದೆ, ಹಾಸಿಗೆ ಹಿಡಿಸುವ ಕಾಯಿಲೆಯನ್ನೂ ಜಡ್ಡೆನ್ನುತ್ತದೆ, ದಿನವೂ ಅದೇ ಕುರ್ಚಿಯಲ್ಲಿ ಕೂತು ಅದೇ ಕೆಲಸ ಮಾಡಿ ಮಂಕಾದ ಮನಸ್ಸಿಗೂ ಜಡ್ಡುಗಟ್ಟಿತು ಎನ್ನುತ್ತದೆ. ಆ ಬೆಳಿಗ್ಗೆ ನನಗೆ ಮೂರೂ ಒಟ್ಟಿಗೆ ಇದ್ದವು. ಬೆರಳು ಗಟ್ಟಿಯಾಗಿತ್ತು, ಸೊಂಟ ಹಿಡಿದಿತ್ತು, ಕಾರ್ಖಾನೆಯ ಕಚೇರಿಯಲ್ಲಿ ಗುಮಾಸ್ತನಾಗಿದ್ದ ನನ್ನ ಮನಸ್ಸಿನ ಸ್ಥಿತಿಯನ್ನು ಹೇಳದಿರುವುದೇ ಮೇಲು.

ನಾವು ನಾಲ್ವರು. ಎಪ್ಪತ್ತರ ದಶಕ ಆರಂಭವಾಗುವ ಹೊತ್ತಿಗೆ ಹೆಬ್ಬಾಳದಲ್ಲಿ ಮುನಿರಾಜುವಿನ ಮನೆಯವರಿಗೆ ದ್ರಾಕ್ಷಿ ತೋಟವಿತ್ತು. ತೋಟದ ಪಂಪ್‌ಹೌಸಿನಲ್ಲಿ ನಮ್ಮ ಅಭ್ಯಾಸ ನಡೆಯುತ್ತಿದ್ದುದರಿಂದ ನಮ್ಮ ರಾಕ್ ಬ್ಯಾಂಡಿಗೂ 'ಪಂಪ್‌ಹೌಸ್' ಎಂದೇ ಹೆಸರಾಯಿತು. ಮುನಿರಾಜು ಡ್ರಮ್ಸ್ ಬಾರಿಸುತ್ತಿದ್ದ. ಯಶವಂತಪುರದ ರೈಲ್ವೆ ಕ್ವಾರ್ಟರ್ಸಿನ ಫಿಲಿಪ್‌ನದು ಲೀಡ್ ಗಿಟಾರು. ಆರ್.ಟಿ. ನಗರದ ಬಷೀರ್ ಹಾಡುಗಾರ. ಅವನ ದನಿ ಎಷ್ಟು ಎತ್ತರಕ್ಕೆ ಹೋಗುತ್ತಿತ್ತೆಂದರೆ ಮೈಕು ಕೈಕೊಟ್ಟರೂ ಹಿಂದಿನ ಸಾಲಿನವರಿಗೆ ಗೊತ್ತಾಗುತ್ತಿರಲಿಲ್ಲ. ನಾನು ಬೇಸ್, ಅಂದರೆ ಇದ್ದರೆ ಯಾರೂ ಗಮನಿಸದ, ಇಲ್ಲದಿದ್ದರೆ ಎಲ್ಲರೂ ಏನೋ ಕಡಿಮೆಯಾಯಿತೆನ್ನುವ ವಾದ್ಯ. ಸಾರಿನಲ್ಲಿ ಉಪ್ಪಿನ ಹಾಗೆ. ಕೂದಲು ಬಿಟ್ಟುಕೊಂಡು, ಕಾಲೇಜು ಕಾಲೇಜು ಸುತ್ತಿ, ಐದಾರು ವರ್ಷ ಮೆರೆದೆವು. ಬಳಿಕ ಒಬ್ಬನಿಗೆ ಮದುವೆ, ಇನ್ನೊಬ್ಬನಿಗೆ ನೌಕರಿ, ಮತ್ತೊಬ್ಬನಿಗೆ ಅಪ್ಪನ ವ್ಯವಹಾರ. ಜಗಳವಾಡಿ ಒಡೆದಿದ್ದರೆ ಹೇಳಿಕೊಳ್ಳಲು ಕಥೆಯಾದರೂ ಇರುತ್ತಿತ್ತು. ನಮ್ಮ ಬ್ಯಾಂಡು ಒಡೆಯಲಿಲ್ಲ, ಒಣಗಿತು.

ಹತ್ತು ವರ್ಷದ ನಂತರ, ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಮೇಷ್ಟರಾಗಿದ್ದ ನಮ್ಮ ಹಳೆಯ ಅಭಿಮಾನಿಯೊಬ್ಬ ಕಾರ್ಯಕ್ರಮಕ್ಕೆ ಕರೆದ. ಎರಡು ತಿಂಗಳು ಮತ್ತೆ ಅಭ್ಯಾಸ ಮಾಡಿ, ಸುಮ್ಮನೆ ಒಂದು ಸಂಜೆಗೆಂದು ಹೋದವರು ಜೊತೆಗೆ ಇನ್ನೂ ಎರಡು ಊರು ಮುಗಿಸಿ ಬಂದೆವು. ಹುಡುಗರು ಕುಣಿದರು, ನಿಜ. ಆದರೆ ಬಾಡಿಗೆಯ ಮೆಟಡಾರ್ ವ್ಯಾನಿನಲ್ಲಿ ಡ್ರಮ್ಮುಗಳ ನಡುವೆ ಮೊಳಕಾಲು ಮಡಚಿ ಕೂತು ಬಂದ ದಾರಿಯೇ ನನ್ನ ಮೈಗೆ ಹೆಚ್ಚು ನೆನಪಿದೆ. ಲಾಡ್ಜಿನ ಹಾಸಿಗೆ, ತಣ್ಣೀರ ಸ್ನಾನ, ಹೊತ್ತಲ್ಲದ ಹೊತ್ತಿನ ಊಟ. ಇಪ್ಪತ್ತೈದರಲ್ಲಿ ಇವನ್ನೆಲ್ಲ ಸಾಹಸವೆಂದು ಕರೆಯುತ್ತಿದ್ದೆವು. ನಲವತ್ತರಲ್ಲಿ ತಣ್ಣೀರನ್ನು ತಣ್ಣೀರೆಂದೇ ಕರೆಯುತ್ತೇವೆ. ಮನೆಗೆ ಬಂದು ಎರಡು ದಿನ ಮಲಗಿದವನು ಎದ್ದು ಆ ಕಾಫಿ ಲೋಟ ಹಿಡಿಯುವ ಹೊತ್ತಿಗೆ ಸುದ್ದಿ ಬಂದಿತ್ತು: ದಾವಣಗೆರೆ, ಚಿತ್ರದುರ್ಗ, ತುಮಕೂರಿನ ಕಾಲೇಜುಗಳಿಗೂ ನಾವು ಬೇಕಂತೆ.

ಒಂದು ಭಾನುವಾರ ಮುನಿರಾಜುವಿನ ಮನೆಯ ತಾರಸಿಯ ಮೇಲೆ ಸೇರಿದೆವು. ತೋಟವಿದ್ದ ಕಡೆ ಸೈಟುಗಳ ಗಡಿಕಲ್ಲುಗಳು ಬಿಳಿ ಸುಣ್ಣ ಬಳಿದುಕೊಂಡು ನಿಂತಿದ್ದವು. ಸಾಕು, ನನ್ನ ಸೊಂಟದ ಕೈಲಾಗದು, ರಜೆಯೂ ಇಲ್ಲ ಎಂದೆಲ್ಲ ಹೇಳಿದೆ. ಫಿಲಿಪ್ ತನಗೆ ರೈಲ್ವೆಯಲ್ಲಿ ರಜೆ ಸಿಗುತ್ತದೆ, ತಾನಂತೂ ಸಿದ್ಧ ಎಂದ. ಬಷೀರ್ ಮಾತಾಡಲಿಲ್ಲ. ಮುನಿರಾಜು ಗಡಿಕಲ್ಲುಗಳ ಕಡೆಯೇ ನೋಡುತ್ತ, "ಬೆಳಗ್ಗೆ ಎದ್ರೆ ಎಲ್ಲಿಗ್ ಓಗ್ಬೇಕು ಅಂತ ಗೊತ್ತಾಗಕಿಲ್ಲ ಕಣಣ್ಣ. ಮುಂಚೆ ತ್ವಾಟ ಇತ್ತು. ಈಗ ಇಂಗೆ ಸುಮ್ನೆ ಕುಂತ್ಕಳದು. ಡ್ರಮ್ಮಾದ್ರೂ ಬಾರಿಸಾನ" ಎಂದ. ಅದಕ್ಕೆ ಎದುರಾಡುವಂಥ ಸೊಂಟನೋವು ಯಾರಿಗೂ ಇರಲಾರದು. ಮನೆಗೆ ಬಂದು ವಿಮಲಾಳಿಗೆ ಹೇಳಿದಾಗ, ಊಟದ ತಟ್ಟೆಯ ಮೇಲೂ ಬೆರಳು ಕುಣಿಸುವ ಗಂಡನನ್ನು ಮನೆಯಲ್ಲಿಟ್ಟುಕೊಳ್ಳುವುದಕ್ಕಿಂತ ಕಳಿಸುವುದೇ ವಾಸಿ ಎಂದು ನೋವಿನೆಣ್ಣೆಯ ಸೀಸೆಯನ್ನು ಚೀಲಕ್ಕೆ ಹಾಕಿದಳು.

ಬಷೀರ್ ಮಾತಾಡದಿದ್ದುದಕ್ಕೆ ಕಾರಣ ಹೊರಡುವ ದಿನ ತಿಳಿಯಿತು. ಅವನು ಹತ್ತು ವರ್ಷ ಅಪ್ಪನ ಮರ ಕೊಯ್ಯುವ ಮಿಲ್ಲಿನಲ್ಲಿ ಕಳೆದಿದ್ದ. ಗರಗಸದ ಸದ್ದಿನ ಮೇಲೆ ಕೂಗಿ ಕೂಗಿ, ಮರದ ಹುಡಿ ನುಂಗಿ ನುಂಗಿ, ಗಂಟಲಲ್ಲಿ ಸಣ್ಣ ಗಂಟುಗಳಾಗಿದ್ದವು. ಹುಬ್ಬಳ್ಳಿಯಲ್ಲಿ ಹೇಗೋ ತಳ್ಳಿದ್ದ. ಬಂದ ಮೇಲೆ ಡಾಕ್ಟರು ಮೇಲಿನ ಸ್ವರಗಳನ್ನು ಮರೆತುಬಿಡಿ ಎಂದಿದ್ದರು. ಸಂಗೀತದವರು ತಾರಸ್ಥಾಯಿ, ಮಂದ್ರಸ್ಥಾಯಿ ಎಂದು ಎಲ್ಲಕ್ಕೂ ಸ್ಥಾಯಿ ಸೇರಿಸುತ್ತಾರೆ. ಯಾವುದೂ ಸ್ಥಾಯಿಯಲ್ಲ ಎಂಬುದನ್ನು ಗಂಟಲ ಡಾಕ್ಟರೇ ಹೇಳಬೇಕಾಯಿತು.

ಎಲ್ಲ ಹಾಡುಗಳ ಶ್ರುತಿಯನ್ನೂ ತಗ್ಗಿಸಬಹುದಿತ್ತು, ಒಂದರದನ್ನು ಬಿಟ್ಟು. ನಮ್ಮದೇ ಆದ ಒಂದು ಹಾಡಿತ್ತು. ಯಶವಂತಪುರದಲ್ಲಿ ನಿಲ್ಲದೆ ಹೋಗುವ ಗೂಡ್ಸ್ ರೈಲಿನ ಹಾಡು. ಫಿಲಿಪ್ ಅದಕ್ಕೆ ರಾಗ ಕಟ್ಟಿದ್ದು ಇಂಜಿನ್ ಡ್ರೈವರಾಗಿದ್ದ ತನ್ನ ಅಪ್ಪ ತೀರಿಕೊಂಡ ವರ್ಷ. ಕೊನೆಯಲ್ಲಿ ಬಷೀರನ ದನಿ ಇಂಜಿನ್ನಿನ ಸಿಳ್ಳೆಯಾಗಿ ಮೇಲೇರಿ ಅಲ್ಲೇ ನಿಲ್ಲುತ್ತಿತ್ತು. ಜನ ಕಾಯುತ್ತಿದ್ದುದೇ ಆ ಸಿಳ್ಳೆಗೆ. ವ್ಯಾನು ನಾಗಸಂದ್ರ ದಾಟುತ್ತಿದ್ದಂತೆ ಬಷೀರ್ ತನ್ನ ಗಂಟಲ ಕಥೆ ಹೇಳಿ, ಆ ಹಾಡಿನ ಶ್ರುತಿಯನ್ನೂ ಎರಡು ಮನೆ, ಅಂದರೆ ಗಿಟಾರಿನ ಕತ್ತಿನ ಮೇಲಿನ ಎರಡು ಮೆಟ್ಟಿನಷ್ಟು, ಕೆಳಗೆ ಇಳಿಸೋಣ ಎಂದ. ಫಿಲಿಪ್ ಕಿಟಕಿಯಿಂದ ಮುಖ ತಿರುಗಿಸದೆ, "ಇಳಿಸಿದ್ರೆ ಅದು ನಮ್ಮ ಹಾಡಲ್ಲ ಮಚ್ಚಾ" ಎಂದ.

"ಇಳಿಸ್ದೇ ಇದ್ರೆ ನಾನು ಹಾಡೋನಲ್ಲ ಗುರು" ಎಂದ ಬಷೀರ್. ಅವನು ಕೋಪದಿಂದ ಹೇಳಲಿಲ್ಲ. ಹವಾಮಾನ ಹೇಳುವವರಂತೆ ಹೇಳಿದ. ಅಲ್ಲಿಂದ ದಾವಣಗೆರೆಯವರೆಗೆ ವ್ಯಾನಿನಲ್ಲಿ ಡ್ರಮ್ಮಿನ ತಾಳದ ತಟ್ಟೆಗಳು ಮಾತ್ರ ಗುಂಡಿ ಬಂದಾಗಲೆಲ್ಲ ಮಾತಾಡಿದವು.

ದಾವಣಗೆರೆಯಲ್ಲಿ ವೇದಿಕೆ ದೊಡ್ಡದಿತ್ತು, ಹುಡುಗರು ಕಿಕ್ಕಿರಿದಿದ್ದರು. ಉಳಿದ ಹಾಡುಗಳು ಚೆನ್ನಾಗಿಯೇ ಸಾಗಿದವು. ರೈಲಿನ ಹಾಡು ಬಂದಾಗ ಫಿಲಿಪ್ ಹಳೆಯ ಶ್ರುತಿಯಲ್ಲೇ ಶುರುಮಾಡಿದ. ಲೀಡ್ ಶುರುವಾದ ಮೇಲೆ ಬೇಸ್‌ನವನಿಗೆ ಬೇರೆ ದಾರಿಯಿಲ್ಲ. ನಾನೂ ಹಿಂದೆ ಹೋದೆ. ಬಷೀರ್ ಒಮ್ಮೆ ಅವನ ಕಡೆ ನೋಡಿದ, ಕಣ್ಣು ಮುಚ್ಚಿಕೊಂಡ, ಹಾಡಿದ. ಏರುವ ಜಾಗ ಬಂದಾಗ ಅವನ ದನಿ ಅರ್ಧ ಏರಿ, ಒಡೆದು, ಒಂದು ಕೆಮ್ಮಿನೊಳಗೆ ಬಿದ್ದುಹೋಯಿತು. ಜನ ಮೊದಲು ಅದನ್ನೂ ಹಾಡಿನ ಭಾಗವೆಂದುಕೊಂಡರು, ಆಮೇಲೆ ನಕ್ಕರು, ಹಿಂದಿನ ಸಾಲಿನ ಯಾರೋ ಬಾಯಲ್ಲಿ ಬೆರಳಿಟ್ಟು ಆ ಸಿಳ್ಳೆಯನ್ನು ತಾವೇ ಹೊಡೆದರು. ಬಷೀರ್ ಮೈಕನ್ನು ಮೆಲ್ಲಗೆ ಅದರ ಕೋಲಿಗೆ ಸಿಕ್ಕಿಸಿ, ಜನರಿಗೆ ಕೈಮುಗಿದು, ಮೆಟ್ಟಿಲಿಳಿದು ಹೋದ. ಮುನಿರಾಜು ಬಾರಿಸುತ್ತಲೇ ಇದ್ದ. ನಿಲ್ಲಿಸಿದರೆ ಏನು ಮಾಡಬೇಕೆಂದು ಅವನಿಗೆ ತೋಚಿರಲಿಕ್ಕಿಲ್ಲ.

ಒಬ್ಬ ಗೆಳೆಯ ಇನ್ನೊಬ್ಬನನ್ನು ಜನರ ಮುಂದೆ ಬೀಳಿಸುವುದಕ್ಕಿಂತ ಕೆಟ್ಟದ್ದು ಯಾವುದಿದೆ ಎಂದು ನೀವು ಕೇಳಬಹುದು. ಫಿಲಿಪ್ ಅವನನ್ನು ಬೀಳಿಸಬೇಕೆಂದು ಬಗೆದಿರಲಿಲ್ಲ ಎಂದು ನಾನು ಇಂದಿಗೂ ನಂಬಿದ್ದೇನೆ. ಹಳೆಯ ಶ್ರುತಿ ಹಿಡಿದರೆ ಹಳೆಯ ಬಷೀರ್ ಎದ್ದು ಬಂದಾನು, ಜೊತೆಗೆ ಹಳೆಯ ನಾವೂ ಬಂದೇವು, ಸಿಳ್ಳೆ ಹೊಡೆಯುತ್ತ ಅವನಪ್ಪನ ರೈಲೂ ಬಂದೀತು ಎಂದು ಅವನು ಬಗೆದಿದ್ದ. ನಡುವಯಸ್ಸಿನ ದಣಿವು ಬರುವುದು ಮುಪ್ಪಿನಿಂದಲ್ಲ, ಹಿಂದಿನದನ್ನು ಹಿಂದಿನ ಎತ್ತರಕ್ಕೇ ಎತ್ತಿ ಹಿಡಿದಿರಬೇಕೆಂಬ ಈ ಹಟದಿಂದ. ಎತ್ತಿದ ಕೈ ಯಾರದಾದರೂ ಸರಿ, ನೋಯುತ್ತದೆ.

ಮರುದಿನ ಬೆಳಿಗ್ಗೆ ಚಿತ್ರದುರ್ಗದ ದಾರಿಯಲ್ಲಿ ಒಂದು ಸಣ್ಣ ಹೋಟೆಲಿನ ಮುಂದೆ ವ್ಯಾನು ನಿಂತಿತು. ಮೂವರು ಒಳಗೆ ಇಡ್ಲಿಗೆ ಕೂತೆವು, ಫಿಲಿಪ್ ಬರಲಿಲ್ಲ. ಹೊರಗೆ ಹುಣಸೆಮರದ ಬುಡದ ಕಲ್ಲಿನ ಮೇಲೆ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ತಂತಿಯ ಬಿರಡೆಗಳನ್ನು ಒಂದೊಂದಾಗಿ ತಿರುಗಿಸುತ್ತ, ತಂತಿ ಮೀಟುತ್ತ, ಮತ್ತೆ ತಿರುಗಿಸುತ್ತಿದ್ದ. ಬಷೀರ್ ತಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಬಂದು ನೋಡಿದ. ಆಮೇಲೆ ಹೋಗಿ ಅವನ ಪಕ್ಕದಲ್ಲಿ ಕೂತ.

"ಎರಡು ಸಾಕಾ, ಮೂರಕ್ಕೆ ಇಳಿಸ್ಲಾ?" ಎಂದು ಫಿಲಿಪ್ ಕೇಳಿದ. ತಲೆ ಎತ್ತಲಿಲ್ಲ.

"ಎರಡು ಸಾಕು. ಇಡ್ಲಿ ತಿನ್ನು" ಎಂದ ಬಷೀರ್, ತಟ್ಟೆಯನ್ನು ಇಬ್ಬರ ನಡುವೆ ಇಟ್ಟು.

ಕ್ಷಮೆ ಕೇಳಿದ್ದಾಗಲಿ ಕೊಟ್ಟದ್ದಾಗಲಿ ಅಷ್ಟೇ. ಹೆಚ್ಚು ಮಾತಾಡಲು ಇಬ್ಬರಿಗೂ ತ್ರಾಣವಿರಲಿಲ್ಲ. ದಣಿವಿಗೂ ಒಂದು ಔದಾರ್ಯವಿದೆ, ಅದು ಜಗಳವನ್ನು ಉದ್ದ ಬೆಳೆಸುವುದಿಲ್ಲ. ನಾನೂ ಹೋಗಿ ನನ್ನ ತಂತಿಗಳನ್ನು ಇಳಿಸಿಕೊಂಡೆ. ಅವು ಬಟ್ಟೆ ಒಣಹಾಕುವ ಹಗ್ಗದಂತೆ ಸಡಿಲಾದವು, ಒತ್ತುವ ಬೆರಳಿಗೆ ಎಷ್ಟೋ ಹಾಯೆನಿಸಿತು. ಚಿತ್ರದುರ್ಗದಲ್ಲಿ ಆ ಹಾಡು ಬೇರೆಯದೇ ಆಗಿ ಹೊರಟಿತು. ಮೊದಲು ಅದು ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ನಿಂತವನ ಮುಖಕ್ಕೆ ಗಾಳಿ ಹೊಡೆದು ಹೋಗುವ ರೈಲು. ಈಗ ಮನೆಯಲ್ಲಿ ಮಲಗಿದವನ ಕಿವಿಗೆ ಊರಾಚೆಯಿಂದ ಬೀಳುವ ರೈಲು. ಕುಣಿಯುವವರು ಕುಣಿಯುವುದನ್ನು ಬಿಟ್ಟರು. ಕೆಲವರು ಎದ್ದು ಹೋದರು, ಕೆಲವರು ಕೂತರು. ಇದು ಸೋಲೋ ಗೆಲುವೋ ಎಂದು ನಾವು ಒಬ್ಬರನ್ನೊಬ್ಬರು ಕೇಳಲಿಲ್ಲ.

ಕೊನೆಯದು ತುಮಕೂರು. ಕಾಲೇಜಿನ ಮೈದಾನ, ಇಳಿಬಿಸಿಲು, ಪರೀಕ್ಷೆ ಹತ್ತಿರ ಬಂದಿದ್ದರಿಂದ ಅರ್ಧ ಕುರ್ಚಿಗಳು ಖಾಲಿ. ಗಲಾಟೆಯಾದೀತೆಂದು ಒಬ್ಬ ಪೊಲೀಸ್ ಪೇದೆಯನ್ನು ಹಾಕಿದ್ದರು. ನಮ್ಮ ವಯಸ್ಸಿನವರೇ; ಹಿಂದಿನ ದಿನದಿಂದ ಮಂತ್ರಿಯೊಬ್ಬರ ಬಂದೋಬಸ್ತಿನಲ್ಲಿ ನಿಂತಿದ್ದವರು ನೇರವಾಗಿ ಇಲ್ಲಿಗೆ ಬಂದಿದ್ದರಂತೆ. ಮೊದಲ ಎರಡು ಹಾಡುಗಳವರೆಗೆ ವೇದಿಕೆಯ ಮುಂದೆ ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತಿದ್ದರು. ಮೂರನೆಯದಕ್ಕೆ ಕುರ್ಚಿಯೊಂದನ್ನು ಎಳೆದುಕೊಂಡರು. ರೈಲಿನ ಹಾಡು ಶುರುವಾಗಿ ಒಂದು ಚರಣ ಮುಗಿಯುವಷ್ಟರಲ್ಲಿ, ಲಾಠಿಯನ್ನು ಮೊಳಕಾಲುಗಳ ನಡುವೆ ಊರಿ, ಟೋಪಿಯನ್ನು ತೊಡೆಯ ಮೇಲಿಟ್ಟು, ಬಾಯಿ ಸ್ವಲ್ಪ ತೆರೆದು, ಸ್ಪೀಕರಿನಿಂದ ನಾಲ್ಕೇ ಮಾರು ದೂರದಲ್ಲಿ ನಿದ್ದೆಹೋದರು.

ಮುಂದಿನ ಸಾಲಿನ ಹುಡುಗರು ಕಿಸಕ್ಕೆಂದರು. ಬಷೀರ್ ಹಾಡುತ್ತಲೇ ಆ ಕಡೆ ನೋಡಿದ. ಹುಡುಗರಿಗೆ ಸುಮ್ಮನಿರುವಂತೆ ಬೆರಳು ತೋರಿಸಿ, ಅದೇ ಕೈಯನ್ನು ಬೆನ್ನ ಹಿಂದೆ ತಂದು ನಮ್ಮ ಕಡೆ ಅಂಗೈ ಕೆಳಗೆ ಮಾಡಿ ಆಡಿಸಿದ. ಮೆಲ್ಲಗೆ, ಇನ್ನೂ ಮೆಲ್ಲಗೆ. ಫಿಲಿಪ್ ಸದ್ದಿನ ಗುಂಡಿಯನ್ನು ಕೆಳಕ್ಕೆ ತಿರುಗಿಸಿದ. ಮುನಿರಾಜು ಕೋಲುಗಳನ್ನು ಕೆಳಗಿಟ್ಟು ಬೆರಳುಗಳಿಂದಲೇ ತಟ್ಟತೊಡಗಿದ, ಮಗುವಿನ ಬೆನ್ನು ತಟ್ಟುವವರ ಹಾಗೆ. ನಾನು ತಂತಿಗಳ ಮೇಲೆ ಅಂಗೈಯನ್ನೇ ಇಟ್ಟುಕೊಂಡು ಮೀಟಿದೆ. ಊರು ನಡುಗಿಸುತ್ತೇವೆಂದು ಹೊರಟಿದ್ದ ಬ್ಯಾಂಡು ಒಬ್ಬ ಸುಸ್ತಾದ ಮನುಷ್ಯನಿಗೆ ಎಚ್ಚರವಾಗದಂತೆ ನುಡಿಸುತ್ತಿತ್ತು. ಹಿಂದಿನ ಸಾಲುಗಳವರಿಗೆ ಕೇಳಿಸದೆ ಅವರು ಒಬ್ಬೊಬ್ಬರಾಗಿ ಎದ್ದು ಮುಂದೆ ಬಂದು ನೆಲದ ಮೇಲೆ ಕೂತರು. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಬಂದವರೂ ಇದ್ದರು. ಸಿಳ್ಳೆಯ ಜಾಗದಲ್ಲಿ ಬಷೀರ್ ಬರಿಯ ಉಸಿರು ಬಿಟ್ಟ. ಅದು ಮೈಕಿನಲ್ಲಿ ಬಹಳ ದೂರ ಹೋಗುತ್ತಿರುವ ಯಾವುದೋ ಬಂಡಿಯಂತೆ ಕೇಳಿ, ನಿಂತಿತು.

ಹಾಡು ಮುಗಿದರೂ ಯಾರೂ ಚಪ್ಪಾಳೆ ತಟ್ಟಲಿಲ್ಲ. ಆ ಮೌನಕ್ಕೇ ಇರಬೇಕು, ಪೇದೆಗೆ ಎಚ್ಚರವಾಯಿತು. ಟೋಪಿಯನ್ನು ತಡಕಿ ತಲೆಗಿಟ್ಟುಕೊಂಡು, ಎದುರಿಗೆ ನಿಶ್ಶಬ್ದವಾಗಿ ನೆಲದ ಮೇಲೆ ಕೂತಿದ್ದ ಅಷ್ಟೂ ಜನರನ್ನು ಕಂಡು ಗಾಬರಿಯಿಂದ ವೇದಿಕೆಯ ಕಡೆ ತಿರುಗಿ, "ಮುಗೀತಾ ಸಾರ್?" ಎಂದರು.

ಬಷೀರ್ ಮೈಕಿನಿಂದ ಮುಖ ಸ್ವಲ್ಪ ಸರಿಸಿ ಹೇಳಿದ: "ಇಲ್ಲ ಸಾರ್, ಇನ್ನೂ ಇದೆ. ನೀವು ಮಲ್ಕೊಳ್ಳಿ."